ಬಯೋಕೆಮಿಸ್ಟ್ರಿ ಓದ್ಕೊಂಡು ವಾಲಿಬಾಲ್ ಗೆದ್ದ ಕಿರಾಲಿ ಕಥೆ ನಿಜಾನಾ? ಮಗಳ ಇಂಟರ್ನಲ್ಸ್ ವಿಷಯಕ್ಕೆ ಕೇಳ್ತಿದ್ದೀನಿ

ಹಾಸನದಪ್ಪ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ನನ್ನದೇ ತಲೆನೋವು ಹಿಡ್ಕೊಂಡು ಬಂದಿದ್ದೀನಿ.

ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಿಕಲ್. ಎಂಟನೇ ಕ್ಲಾಸಿಂದ ವಾಲಿಬಾಲ್ ಹುಚ್ಚು. ಹೋದ ಸೆಮಿಸ್ಟರ್ 8.6 ಬಂದಿದೆ, ಓದಿನ ಬಗ್ಗೆ ತಕರಾರಿಲ್ಲ. ಈ ಸಲ ಯೂನಿವರ್ಸಿಟಿ ಟೀಮಿನ ಕ್ಯಾಂಪಿಗೆ ಹೆಸರು ಬಂದಿದೆ. ಹನ್ನೆರಡು ದಿನ ಕ್ಯಾಂಪು, ಆಯ್ಕೆ ಆದ್ರೆ ಅಲ್ಲಿಂದಲೇ ಸೌತ್ ಝೋನ್, ಅಂದ್ರೆ ದಕ್ಷಿಣದ ಯೂನಿವರ್ಸಿಟಿಗಳ ಟೂರ್ನಮೆಂಟು. ಎರಡನೇ ಇಂಟರ್ನಲ್ಸ್ ಸರಿಯಾಗಿ ಅದರ ಮಧ್ಯಕ್ಕೇ ಬಿದ್ದಿದೆ. ಎಚ್‌ಒಡಿ ಹತ್ರ ಹೋದ್ವಿ. ಅವರು ತಲೆನೂ ಎತ್ತದೆ, "ಆಟ ಬೇಕೋ ಪಾಠ ಬೇಕೋ, ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ" ಅಂದ್ರು. ಮಗಳು ಅಲ್ಲಿ ಏನೂ ಮಾತಾಡ್ಲಿಲ್ಲ. ಬಸ್ಸಲ್ಲಿ ಬರುವಾಗ ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚೋದು, ಮತ್ತೆ ಸುತ್ತೋದು, ಮತ್ತೆ ಬಿಚ್ಚೋದು. ಹಾಗೇ ಊರು ಬಂತು.

ಇಷ್ಟರ ಮೇಲೆ ನನ್ನ ಭಾವಮೈದ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಹಾಕಿದ. ಗುಲಾಬಿ ಟೋಪಿ ಹಾಕಿದ ಬಿಳಿಯನ ಫೋಟೋ. ಕೆಳಗೆ, "ಅಮೆರಿಕದ ಕಾರ್ಚ್ ಕಿರಾಲಿ ಎಂಬಿಬಿಎಸ್ ಓದುತ್ತಲೇ ಮೂರು ಒಲಿಂಪಿಕ್ ಚಿನ್ನ ಗೆದ್ದ. ದಿನಕ್ಕೆ ನಾಲ್ಕೇ ಗಂಟೆ ನಿದ್ದೆ. ಮನಸ್ಸಿದ್ದರೆ ಮಾರ್ಗ" ಅಂತ. ಮಗಳು ಅದಕ್ಕೆ, "ಮಾಮ, ನಾಲ್ಕೇ ಗಂಟೆ ಮಲಗಿದ್ರೆ ಮಾರನೇ ದಿನ ಬಾಲು ಎರಡಾಗಿ ಕಾಣುತ್ತೆ" ಅಂತ ಹಾಕಿದಾಳೆ.

ನನಗೆ ಗೊತ್ತಾಗಬೇಕಾಗಿರೋದು ಇಷ್ಟೇ. ಆ ಕಥೆ ನಿಜಾನಾ? ನಿಜ ಆದ್ರೆ ಅವನಿಗೆ ಹೇಗೆ ಆಯ್ತು, ನಮ್ಮ ಹುಡುಗೀರಿಗೆ ಯಾಕೆ ಆಗಲ್ಲ? ಕ್ಯಾಂಪಿಗೆ ಕಳಿಸ್ಲಾ ಬೇಡ್ವಾ?

ತುಂಟ ಪಾಪು
ಕಳಿಸಿ ಅಣ್ಣ. ಇಂಟರ್ನಲ್ಸ್ ಪ್ರತಿ ಸೆಮ್‌ಗೂ ಬರುತ್ತೆ.

ನೆಟ್ ಹತ್ರ ಲಿಫ್ಟರ್
ಸರ್, ನಾನು ಇಪ್ಪತ್ತು ವರ್ಷ ವಾಲಿಬಾಲಲ್ಲಿ ಲಿಫ್ಟಿಂಗ್, ಅಂದ್ರೆ ಹೊಡೆಯೋರಿಗೆ ಬಾಲು ಎತ್ತಿ ಕೊಡೋ ಕೆಲಸ ಮಾಡಿದವನು. ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೀನಿ. ಫಾರ್ವರ್ಡಲ್ಲಿ ಅರ್ಧ ನಿಜ, ಅರ್ಧ ಮಸಾಲೆ.

ಎಂಬಿಬಿಎಸ್ ಅಲ್ಲ, ಅವನು ಓದಿದ್ದು ಬಯೋಕೆಮಿಸ್ಟ್ರಿ, ಲಾಸ್ ಏಂಜಲೀಸ್‌ನ ಯುಸಿಎಲ್‌ಎನಲ್ಲಿ. 1983ರಲ್ಲಿ ಡಿಗ್ರಿ, ಜಿಪಿಎ 4ಕ್ಕೆ 3.55. ಅಪ್ಪ ಡಾಕ್ಟರು, ತಾನೂ ಅಪ್ಪನ ಹಾಗೆ ಡಾಕ್ಟರಾಗಬೇಕು ಅಂತಲೇ ಆ ವಿಷಯ ತಗೊಂಡಿದ್ದ. ಆದರೆ ಆಗಲಿಲ್ಲ, ವಾಲಿಬಾಲೇ ಎಳ್ಕೊಂಡು ಹೋಯ್ತು.

ಒಲಿಂಪಿಕ್ ಚಿನ್ನ ಮೂರು, ಅದು ಸರಿ. 1984 ಲಾಸ್ ಏಂಜಲೀಸ್, 1988 ಸೋಲ್, ಆಮೇಲೆ 1996 ಅಟ್ಲಾಂಟಾದಲ್ಲಿ ಬೀಚ್ ವಾಲಿಬಾಲ್. ಒಳಾಂಗಣದಲ್ಲೂ ಮರಳಲ್ಲೂ ಚಿನ್ನ ಗೆದ್ದವನು ಅವನೊಬ್ಬನೇ. ಆದರೆ ಮೂರೂ ಡಿಗ್ರಿ ಮುಗಿದ ಮೇಲೆ. "ಓದುತ್ತಲೇ ಗೆದ್ದ" ಅನ್ನೋದು ಸುಳ್ಳು.

ಓದುತ್ತಲೇ ಗೆದ್ದಿದ್ದು ಕಾಲೇಜು ಚಾಂಪಿಯನ್‌ಷಿಪ್. 1979, 1981, 1982. ನಾಲ್ಕು ಸೀಸನ್ನಲ್ಲಿ ಟೀಮು ಗೆದ್ದಿದ್ದು 123, ಸೋತಿದ್ದು ಐದೇ ಐದು. ಅದರಲ್ಲಿ ಎರಡು ಸೀಸನ್ ಒಂದೂ ಸೋತಿಲ್ಲ. ಹೊಡೀತಾನೂ ಇದ್ದ, ಲಿಫ್ಟಿಂಗೂ ಮಾಡ್ತಿದ್ದ. ನನಗೆ ಒಲಿಂಪಿಕ್ಕಿಗಿಂತ ಆ 123–5ರ ಪಕ್ಕ ಬಯೋಕೆಮಿಸ್ಟ್ರಿ ಮಾರ್ಕ್ಸ್ ಕಾರ್ಡ್ ಇಟ್ಟು ನೋಡೋದೇ ದೊಡ್ಡದು ಅನ್ಸುತ್ತೆ.

ನಾಲ್ಕು ಗಂಟೆ ನಿದ್ದೆ ಯಾರು ಸೇರಿಸಿದ್ರೋ ದೇವರೇ ಬಲ್ಲ.

ಉಪ್ಪಿಟ್ಟು ವಿರೋಧಿ
ಕಿರಾಲಿ ಅಲ್ಲ, ಕಿರಾಯ್. ಎಲ್ ಉಚ್ಚಾರ ಇಲ್ಲ.

ನೆಟ್ ಹತ್ರ ಲಿಫ್ಟರ್
ಹೌದು ಹೌದು. ಹಂಗೇರಿ ಹೆಸರು, ಆ ಭಾಷೇಲಿ ಕಿರಾಯ್ ಅಂದ್ರೆ ರಾಜ. ಅಪ್ಪ ಹಂಗೇರಿಯ ಜೂನಿಯರ್ ಟೀಮಲ್ಲಿ ವಾಲಿಬಾಲ್ ಆಡಿದ್ದವರು. 1956ರ ದಂಗೆಯಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದ್ರು. ಮಗನಿಗೆ ಆರು ವರ್ಷಕ್ಕೇ ಬಾಲು ಕೊಟ್ರು. ಹನ್ನೊಂದಕ್ಕೆ ಅಪ್ಪ ಮಗ ಇಬ್ಬರೂ ಜೋಡಿಯಾಗಿ ದೊಡ್ಡವರ ಬೀಚ್ ಟೂರ್ನಮೆಂಟಿಗೆ ಇಳಿದಿದ್ರು.

ಲೆಕ್ಕ ಕೊಡಿ
ಇದೇ ನೋಡಿ ಫಾರ್ವರ್ಡಲ್ಲಿ ಬರದೇ ಇರೋ ಭಾಗ. ಅಪ್ಪ ಡಾಕ್ಟರು, ಅದರ ಮೇಲೆ ಆಟಗಾರ. ಮನೆ ಸಾಂಟಾ ಬಾರ್ಬರಾ, ಸಮುದ್ರ ಪಕ್ಕದಲ್ಲೇ. ನಮ್ಮಪ್ಪ ಕಬ್ಬು ಕಡಿಯೋಕೆ ಹೋಗ್ತಿದ್ರು, ನನಗೆ ಆರು ವರ್ಷಕ್ಕೆ ಕೊಟ್ಟಿದ್ದು ಎಮ್ಮೆ ಹಗ್ಗ. ಗೆದ್ದವನ ಕಥೆ ಮಾತ್ರ ಮೊಬೈಲಿಗೆ ಬರುತ್ತೆ. ಎರಡೂ ಹಿಡಿಯೋಕೆ ಹೋಗಿ ಎರಡೂ ಕಳ್ಕೊಂಡವರು ನಮ್ಮ ತಾಲ್ಲೂಕಲ್ಲೇ ಹತ್ತು ಜನ ಇದ್ದಾರೆ, ಅವರ ಫೋಟೋಗೆ ಯಾರೂ ಗುಲಾಬಿ ಟೋಪಿ ಹಾಕಲ್ಲ.

ಇನ್ನೊಂದು. ಅವನು ಕಾಲೇಜು ಸೇರಿದ್ದು 1978, ಡಿಗ್ರಿ 1983. ಕೂಡಿಸಿ ನೋಡಿ, ಐದು ವರ್ಷ. ನಾಲ್ಕು ವರ್ಷದ ಕೋರ್ಸು. ನಮ್ಮಲ್ಲಿ ಒಂದು ವರ್ಷ ಜಾಸ್ತಿ ಆದ್ರೆ ಪಕ್ಕದ ಮನೆಯವರು "ಪಾಪ, ಫೇಲಂತೆ" ಅಂತಾರೆ.

ನೆಟ್ ಹತ್ರ ಲಿಫ್ಟರ್
ಐದು ವರ್ಷ ಆಗಿದ್ದಕ್ಕೆ ಕಾರಣ ಇದೆ ಗುರುವೇ. 1981ರಿಂದಲೇ ಅವನು ಅಮೆರಿಕದ ರಾಷ್ಟ್ರೀಯ ಟೀಮಲ್ಲಿದ್ದ.

ಲೆಕ್ಕ ಕೊಡಿ
ಕಾರಣ ಇಲ್ಲ ಅಂದ್ನಾ? ಅಲ್ಲಿ ಆಟಕ್ಕೋಸ್ಕರ ಓದನ್ನ ಒಂದು ವರ್ಷ ಎಳೆಯಬಹುದು, ಯಾರೂ ಹಣೆಪಟ್ಟಿ ಅಂಟಿಸಲ್ಲ ಅಂತ ಹೇಳ್ತಿದ್ದೀನಿ.

ಸೆಕೆಂಡ್ ಬೆಂಚ್
3.55 ಅಂದ್ರೆ ನಮ್ಮ ಲೆಕ್ಕದಲ್ಲಿ ಎಷ್ಟು? 2.5ರಿಂದ ಗುಣಿಸಿದ್ರೆ 8.87. ಹಾಸನದಪ್ಪನ ಮಗಳು 8.6. ಹತ್ರ ಹತ್ರ ಇದ್ದಾಳೆ, ಬಿಡಿ 😄

ಫ್ರೀಮಾಂಟ್ ಅಕ್ಕ
ಹಾಗೆ ಗುಣಿಸೋಕೆ ಬರಲ್ಲ ಕಣಪ್ಪ. ಇಲ್ಲಿ ಅಮೆರಿಕದಲ್ಲಿ ಎ ಬಂದ್ರೆ 4, ಬಿ ಬಂದ್ರೆ 3. 3.55 ಅಂದ್ರೆ ಸುಮಾರಾಗಿ ಅರ್ಧಕ್ಕಿಂತ ಜಾಸ್ತಿ ಎ, ಉಳಿದದ್ದು ಬಿ. ಬಯೋಕೆಮಿಸ್ಟ್ರಿಗೆ ಅದು ಒಳ್ಳೇ ಗ್ರೇಡೇ.

ನಾನು ಮೈಸೂರಿನವಳು, ಇಲ್ಲಿಗೆ ಬಂದು ಹದಿನೇಳು ವರ್ಷ. ಮಗಳು ಹೈಸ್ಕೂಲಲ್ಲಿ ವಾಲಿಬಾಲ್ ಆಡ್ತಾಳೆ, ವಾರಾಂತ್ಯ ಪೂರ್ತಿ ನಾನು ಅವಳ ಡ್ರೈವರ್ರು. ಹಾಗಾಗಿ ಕಾಲೇಜು ವಾಲಿಬಾಲ್ ವ್ಯವಸ್ಥೆ ಬಗ್ಗೆ ಬೇಡ ಅಂದ್ರೂ ಗೊತ್ತಾಗಿಬಿಟ್ಟಿದೆ.

ಇಲ್ಲಿನ ಮಕ್ಕಳು ಜಾಣರು, ನಮ್ಮವರು ದಡ್ಡರು ಅಂತ ಏನಿಲ್ಲ. ಇಲ್ಲಿ ಗಂಟೆ ಲೆಕ್ಕ ಇದೆ. ಸೀಸನ್ನಲ್ಲಿ ಕಡ್ಡಾಯದ ಪ್ರಾಕ್ಟೀಸು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ದಾಟೋ ಹಾಗಿಲ್ಲ, ವಾರಕ್ಕೊಂದು ದಿನ ಬಿಡುವು ಕೊಡಲೇಬೇಕು. ಇದು ಎನ್‌ಸಿಎಎ, ಅಂದ್ರೆ ಇಲ್ಲಿನ ಕಾಲೇಜು ಕ್ರೀಡೆ ನೋಡ್ಕೊಳ್ಳೋ ಸಂಸ್ಥೆಯ ನಿಯಮ. ಅದರ ಜೊತೆಗೆ ಮಾರ್ಕ್ಸು ಇಳಿದ್ರೆ ಆಡೋಕೇ ಬಿಡಲ್ಲ. ಹಾಗಾಗಿ ಹುಡುಗಿ ಫೇಲಾದ್ರೆ ಕೋಚಿಗೇ ಪೆಟ್ಟು. ಅವರೇ ಟ್ಯೂಟರ್ ಗೊತ್ತು ಮಾಡ್ತಾರೆ, ಬಸ್ಸಲ್ಲಿ, ವಿಮಾನದಲ್ಲಿ ಪುಸ್ತಕ ತೆಗೆಸ್ತಾರೆ. ಇಲ್ಲಿ ಹಾಸನದಪ್ಪನ ಎಚ್‌ಒಡಿ ಕೇಳಿದ ಪ್ರಶ್ನೆ ಕೇಳೋಕೆ ಬರಲ್ಲ, ಯಾಕಂದ್ರೆ ಪಾಠ ಇಲ್ಲದಿದ್ರೆ ಆಟವೂ ಇಲ್ಲ.

ಲೆಕ್ಕ ಕೊಡಿ
ಅಕ್ಕ, ಕಿರಾಯ್ ಕಾಲಕ್ಕೂ ಆ 20 ಗಂಟೆ ನಿಯಮ ಇತ್ತಾ?

ಫ್ರೀಮಾಂಟ್ ಅಕ್ಕ
ಇರಲಿಲ್ಲ. ಅದು ಬಂದಿದ್ದು 1991ರಲ್ಲಿ. ಒಪ್ಕೊಂಡೆ. ಆದರೆ ಅವನಿಗೆ ಬೇರೆ ಅನುಕೂಲ ಇತ್ತು. ಗಂಡಸರ ಕಾಲೇಜು ವಾಲಿಬಾಲ್ ಜನವರಿಯಿಂದ ಮೇ ತನಕ. ಯುಸಿಎಲ್‌ಎನಲ್ಲಿ ವರ್ಷಕ್ಕೆ ಮೂರು ಕ್ವಾರ್ಟರ್. ಅಂದ್ರೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕದ ಕ್ವಾರ್ಟರಲ್ಲಿ ಮ್ಯಾಚಿನ ಕಾಟ ಕಮ್ಮಿ. ಕಷ್ಟದ ವಿಷಯ ಅಲ್ಲಿಗೆ ಹಾಕ್ಕೋಬಹುದು. ಹೆಂಗಸರದು ಉಲ್ಟಾ, ಆಗಸ್ಟಿಂದ ಡಿಸೆಂಬರ್.

ಕಡಲಕರೆ ಕೋಳಿ
ನಮ್ಮಲ್ಲಿ ಸೀಸನ್ ಯಾವಾಗ ಗೊತ್ತುಂಟಾ ಮಾರಾಯ್ರೆ? ಮಳೆ ನಿಂತ ಮೇಲೆ, ಗದ್ದೆ ಒಣಗಿದ ಮೇಲೆ. ಹೊನಲು ಬೆಳಕಿನ ಪಂದ್ಯಾಟ. ರಾತ್ರಿ ಒಂಬತ್ತಕ್ಕೆ ಉದ್ಘಾಟನೆ ಅಂತ ಬರೆದಿರ್ತಾರೆ, ಅತಿಥಿಗಳ ಭಾಷಣ ಮುಗಿಯುವಾಗ ಹತ್ತೂವರೆ. ಫೈನಲ್ ಬೆಳಗಿನ ಜಾವ ನಾಲ್ಕಕ್ಕೆ. ಮೈಕಲ್ಲಿ ಒಬ್ಬರು ಬಿಡದೆ ಹೇಳ್ತಾ ಇರ್ತಾರೆ, "ದಾನಿಗಳಾದ ಶ್ರೀಯುತರು ವೇದಿಕೆಗೆ ಬರಬೇಕು, ದಾನಿಗಳಾದ ಶ್ರೀಯುತರು ಎಲ್ಲಿದ್ದರೂ ವೇದಿಕೆಗೆ ಬರಬೇಕು."

ನಾನು ಡಿಗ್ರಿ ಎರಡನೇ ವರ್ಷ ಹಾಗೊಂದು ಫೈನಲ್ ಆಡಿ, ಮನೆಗೆ ಬಂದು ಸ್ನಾನ ಮಾಡಿ, ಒಂಬತ್ತೂವರೆಗೆ ಗಣಿತ ಪರೀಕ್ಷೆಗೆ ಹೋಗಿ ಕೂತದ್ದು. ಇಂಟಿಗ್ರೇಷನ್ ಚಿಹ್ನೆ ಬರೆದದ್ದು ನೆನಪುಂಟು. ಆ ಚಿಹ್ನೆ ಕೆಳಗೆ ಇಳೀತಾ ಇಳೀತಾ ಪೇಪರಿನ ಬುಡ ಮುಟ್ಟಿತ್ತು. ಇನ್ವಿಜಿಲೇಟರ್ ಎಬ್ಬಿಸಿದ್ರು. 35ಕ್ಕೆ ಪಾಸು. ಟ್ರೋಫಿ ಈಗಲೂ ಮನೇಲುಂಟು, ಅಮ್ಮ ಅದರಲ್ಲಿ ಹುಣಸೆಬೀಜ ಹಾಕಿಟ್ಟಿದ್ದಾರೆ.

ಉಪ್ಪಿಟ್ಟು ವಿರೋಧಿ
ಹುಣಸೆಬೀಜ 😂😂

ಪೇಢೆ ಗಲ್ಲಿ
ನಾ ಧಾರವಾಡದಾಕಿ. ಬಿ.ಎಸ್ಸಿ. ಓದೂ ಮುಂದ ಮೂರು ವರ್ಷ ಕಾಲೇಜ್ ಟೀಮಿನ್ಯಾಗ ಆಡೇನಿ. ಒಂದು ಮಾತು ಹೇಳತೀನಿ ಕೇಳ್ರಿ.

ಒಮ್ಮೆ ಬ್ಲಾಕಿಗೆ ಹಾರಿದಾಗ ಬಲಗೈ ಕಿರುಬೆರಳು ಹಿಂದಕ್ಕ ಮಡಚಿತು. ಮರುದಿನ ಕೆಮಿಸ್ಟ್ರಿ ಪ್ರಾಕ್ಟಿಕಲ್, ಟೈಟ್ರೇಷನ್. ಬೆರಳು ಬದನಿಕಾಯಿ ಆಗಿತ್ತು. ಬ್ಯುರೆಟ್ಟಿನ ನಳ ಎಡಗೈಲೆ ತಿರಗಸ್ರಿ, ಬಲಗೈಲೆ ಫ್ಲಾಸ್ಕ್ ಅಲಗ್ಯಾಡಸ್ರಿ ಅಂತ ಮೇಡಂ ಮೊದಲನೇ ದಿನದಿಂದ ಬಡಕೋತಿದ್ರು. ನಾ ಕೇಳತಿರಲಿಲ್ಲ, ಎಲ್ಲಾ ಬಲಗೈಲೇನ. ಅವತ್ತು ಬ್ಯಾರೆ ದಾರಿ ಇರಲಿಲ್ಲ, ನಳ ಎಡಗೈಲೆ ಹಿಡದೆ, ಫ್ಲಾಸ್ಕ್ ಅಂಗೈಯಾಗ ಇಟಗೊಂಡು ಸಾವಕಾಶ ತಿರಿವಿದೆ. ಮೂರೂ ರೀಡಿಂಗ್ ಒಂದಕ್ಕೊಂದು ಹೊಂದಿದ್ವು. ಇಡೀ ವರ್ಷದಾಗ ಮೊದಲನೇ ಸಲ.

ರೆಕಾರ್ಡ್ ಬುಕ್ ಮಾತ್ರ ನಮ್ಮ ಟೀಮಿನ ಲಿಫ್ಟರ್ ಹುಡುಗಿ ಬರದುಕೊಟ್ಲು. ಅಕ್ಷರ ಬ್ಯಾರೆ ಐತಿ ಅಂತ ಎರಡು ಮಾರ್ಕ್ಸ್ ಕಟ್. ಇರಲಿ.

ಹಾಸನದ ಅಣ್ಣಾರ, ಹುಡುಗೀನ ಕಳಸ್ರಿ. ಹುಡುಗೂರಿಗೆ ಆಟ ಅಂದ್ರ ಇನ್ನೂ ಹತ್ತು ವರ್ಷ ಅಂಗಳ ಇರತದ. ನಮಗ ಮದುವಿ ಆತು ಅಂದ್ರ ಬೂಟು ಅಟ್ಟಕ್ಕ ಹೋಗತಾವ. ಕಾಲೇಜಿನ್ಯಾಗ ಆಡಿದ್ದಷ್ಟ.

ಹಾಸನದಪ್ಪ
ಅಕ್ಕ, ನಿಮ್ಮ ಕೊನೇ ಮಾತು ನನ್ನ ಹೆಂಡತಿಗೆ ಓದಿ ಹೇಳ್ದೆ. ಸುಮ್ಮನೆ ಎದ್ದು ಒಳಗೆ ಹೋದ್ಲು. ಅವಳೂ ಪಿಯುಸೀಲಿ ಥ್ರೋಬಾಲ್ ಆಡ್ತಿದ್ಲು.

ನಿವೃತ್ತ ಮೇಷ್ಟ್ರು
ಮೂವತ್ತೊಂದು ವರ್ಷ ಪಾಠ ಮಾಡಿ, ಅದರಲ್ಲಿ ಆರು ವರ್ಷ ಎಚ್‌ಒಡಿ ಕುರ್ಚಿಯಲ್ಲಿ ಕೂತವನು ನಾನು. ಎಲ್ಲರೂ ಎಚ್‌ಒಡಿಯನ್ನು ಬೈಯುತ್ತಿದ್ದೀರಿ, ನನ್ನದೂ ಎರಡು ಮಾತು ಇರಲಿ.

"ಸರ್, ಟೂರ್ನಮೆಂಟ್ ಇದೆ" ಎಂದು ಹತ್ತು ಹುಡುಗರು ಬರುತ್ತಾರೆ. ಅದರಲ್ಲಿ ನಾಲ್ವರು ಆಡುತ್ತಾರೆ, ಇಬ್ಬರು ಬ್ಯಾಗು ಹೊರುತ್ತಾರೆ, ಉಳಿದವರು ಊರ ಜಾತ್ರೆಗೆ ಹೋಗಿ ಬರುತ್ತಾರೆ. ಟೂರ್ನಮೆಂಟ್ ಮುಗಿದು ಮೂರು ವಾರ ಆದಮೇಲೆ ಪತ್ರ ತಂದುಕೊಡುತ್ತಾರೆ. ಆಗ ಹಾಜರಾತಿ ಕಂಪ್ಯೂಟರಿಗೆ ಹೋಗಿಯಾಗಿರುತ್ತದೆ. ನಿಜವಾಗಿ ಆಡುವ ಮಗುವಿಗೆ ಅನ್ಯಾಯವಾಗುವುದು ಈ ಜಾತ್ರೆ ಗಿರಾಕಿಗಳಿಂದ.

ಹಾಸನದಪ್ಪನವರೇ, ನೀವು ಮೊದಲು ಎಚ್‌ಒಡಿ ಹತ್ತಿರ ಹೋಗಿದ್ದೇ ತಪ್ಪು. ಮೊದಲು ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ಹೋಗಿ. ಕ್ಯಾಂಪಿನ ಪತ್ರದಲ್ಲಿ ಮಗಳ ಹೆಸರು, ಯುಎಸ್‌ಎನ್ (ವಿದ್ಯಾರ್ಥಿ ಸಂಖ್ಯೆ), ದಿನಾಂಕ ಎಲ್ಲ ಇರಬೇಕು. ಅದನ್ನು ಪ್ರಾಂಶುಪಾಲರ ಸಹಿ ಮಾಡಿಸಿ, ಹೋಗುವುದಕ್ಕೆ ಮುಂಚೆ ವಿಭಾಗಕ್ಕೆ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಿಟಿಯು ಕಾಲೇಜಾದರೆ ಹಾಜರಾತಿ ಶೇಕಡಾ 85 ಬೇಕು. ವಿಶ್ವವಿದ್ಯಾಲಯದ, ರಾಜ್ಯದ ಮಟ್ಟದ ಆಟಕ್ಕೆ ಹೋದವರಿಗೆ ಅದರಲ್ಲಿ ಹತ್ತರವರೆಗೆ ರಿಯಾಯಿತಿ ಇದೆ, ಆದರೆ ಪ್ರಾಂಶುಪಾಲರ ಶಿಫಾರಸು ಬೇಕು. ತಾನಾಗಿಯೇ ಸಿಗುವುದಿಲ್ಲ. ಮರುಪರೀಕ್ಷೆ ಕೇಳುವಾಗ "ದಯವಿಟ್ಟು" ಎಂದು ಬರೆಯಬೇಡಿ, ದಿನಾಂಕ ಬರೆಯಿರಿ: "ಇಂಥ ದಿನ ವಾಪಸಾಗುತ್ತೇನೆ, ಇಂಥ ದಿನದ ನಂತರ ಯಾವಾಗ ಬೇಕಾದರೂ ಬರೆಯಲು ಸಿದ್ಧ."

ಸೆಕೆಂಡ್ ಬೆಂಚ್
ಮೇಷ್ಟ್ರೇ, ಆ ಜಾತ್ರೆ ಗಿರಾಕಿ ನಾನೇ. ಕ್ಷಮಿಸಿ.

ನಿವೃತ್ತ ಮೇಷ್ಟ್ರು
ಗೊತ್ತಿತ್ತು.

ಎಲ್ಲೆಕಲ್ಲು
ನಾನು ಕಾಸರಗೋಡಿನವ. ಎರಡೂ ಒಟ್ಟಿಗೆ ಆಗ್ತದಾ ಅಂತ ಕೇಳಿದಾಗ ನನಗೆ ಕಿರಾಯ್ ಅಲ್ಲ, ಜಿಮ್ಮಿ ಜಾರ್ಜ್ ನೆನಪಾಗುವುದು. ಕಣ್ಣೂರು ಜಿಲ್ಲೆಯ ಪೇರಾವೂರು. ನಮ್ಮ ಮನೆಯಿಂದ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ತಲಪಬಹುದು.

ಮನೆಯಲ್ಲಿ ಅಣ್ಣತಮ್ಮಂದಿರು ಎಲ್ಲ ವಾಲಿಬಾಲ್. ಕೇರಳ ಯೂನಿವರ್ಸಿಟಿಗೆ 1973ರಿಂದ 76ರ ತನಕ ಆಡಿದ, ಕೊನೆಗೆ ಕ್ಯಾಪ್ಟನ್. ಆಗ ಮೆಡಿಕಲ್ ಓದ್ತಾ ಇದ್ದ. 1976ರಲ್ಲಿ ಮೆಡಿಕಲ್ ಬಿಟ್ಟು ಕೇರಳ ಪೊಲೀಸ್ ಸೇರಿದ. ಅದೇ ವರ್ಷ ಅರ್ಜುನ ಪ್ರಶಸ್ತಿ, ಆಗ ವಯಸ್ಸು 21. ಆಮೇಲೆ ಇಟಲಿಯಲ್ಲಿ ವೃತ್ತಿಪರನಾಗಿ ಆಡಿದ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಕಂಚು ಬಂತಲ್ಲ, ಆ ಟೀಮಲ್ಲಿದ್ದ. ಮರುವರ್ಷ ನವೆಂಬರ್ 30ಕ್ಕೆ ಇಟಲಿಯಲ್ಲೇ ರಸ್ತೆ ಅಪಘಾತ. 32 ವರ್ಷ.

ನನ್ನ ದೊಡ್ಡಪ್ಪ ಅವನ ಆಟ ಕಂಡವರು. "ಮೇಲೆ ಹೋದವ ಕೆಳಗೆ ಬರುವುದನ್ನೇ ಮರೀತಿದ್ದ, ಬ್ಲಾಕಿನವರು ಇಳಿದ ಮೇಲೆ ಹೊಡೀತಿದ್ದ" ಅಂತ ಹೇಳ್ತಾರೆ. ಪ್ರತಿ ಓಣಂಗೂ ಅದೇ ಕಥೆ, ಪ್ರತಿ ಸಲವೂ ಎತ್ತರ ಎರಡಿಂಚು ಜಾಸ್ತಿ.

ತುಂಟ ಪಾಪು
ಮೆಡಿಕಲ್ ಸೀಟ್ ಬಿಟ್ಟಿದ್ದಾ? ಮನೇಲಿ ಹೊಡೀಲಿಲ್ವಾ?

ಎಲ್ಲೆಕಲ್ಲು
ಆ ಮನೆಯಲ್ಲಿ ಬಾಲು ಬಿಟ್ಟಿದ್ರೆ ಹೊಡೀತಿದ್ರೋ ಏನೋ. ಅಂದ ಹಾಗೆ ಬೆಂಗಳೂರಿನವರಿಗೆ ಒಂದು ವಿಷಯ: ಲಾಂಗ್ ಜಂಪಿನ ಅಂಜು ಬಾಬಿ ಜಾರ್ಜ್ ಉಂಟಲ್ಲ, ಅವರ ಗಂಡ ಮತ್ತು ಕೋಚ್ ಬಾಬಿ ಜಾರ್ಜ್, ಈ ಜಿಮ್ಮಿಯ ತಮ್ಮ. ಈಗ ನಿಮ್ಮೂರಲ್ಲೇ ಅಕಾಡೆಮಿ ನಡೆಸ್ತಾರೆ.

ಲೆಕ್ಕ ಕೊಡಿ
ನೋಡಿ ಮತ್ತೆ! ಜಿಮ್ಮಿ ಓದು ಬಿಟ್ಟ. ಕಿರಾಯ್ ಡಾಕ್ಟರಾಗಲಿಲ್ಲ. ಎರಡೂ ಉದಾಹರಣೆ ನನ್ನ ಕಡೆಗೇ ಬಂತು. ಆಟವೂ ಡಾಕ್ಟರಿಕೆಯೂ ಒಟ್ಟಿಗೆ ಮಾಡಿದ ಒಬ್ಬರ ಹೆಸರು ಹೇಳಿ, ನಾನು ಈ ಚರ್ಚೆ ಬಿಟ್ಟು ಹೋಗ್ತೀನಿ.

ಫ್ರೀಮಾಂಟ್ ಅಕ್ಕ
ಒಗೊನ್ನಾ ನ್ನಮಾನಿ. ಸ್ಟಾನ್‌ಫರ್ಡ್, ಹ್ಯೂಮನ್ ಬಯಾಲಜಿ. 2004ರಲ್ಲಿ ಇನ್ನೂ ವಿದ್ಯಾರ್ಥಿನಿ ಆಗಿದ್ದಾಗಲೇ ಅಥೆನ್ಸ್ ಒಲಿಂಪಿಕ್ಸ್ ಆಡಿ ಬಂದ್ಲು, ಅದೇ ವರ್ಷ ಡಿಸೆಂಬರಲ್ಲಿ ಕಾಲೇಜಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆಲ್ಲಿಸಿದ್ಲು. 2008 ಬೀಜಿಂಗಲ್ಲಿ ಬೆಳ್ಳಿ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆಡಿಕಲ್ ಓದಿ ಪ್ಲಾಸ್ಟಿಕ್ ಸರ್ಜನ್ ಆದ್ಲು.

ಹೋಗ್ಬನ್ನಿ 🙏

ಉಪ್ಪಿಟ್ಟು ವಿರೋಧಿ
ಲೆಕ್ಕ ಕೊಡಿ ಅಣ್ಣ, ಲೆಕ್ಕ ಸಿಕ್ತಾ?

ಲೆಕ್ಕ ಕೊಡಿ
"ಒಟ್ಟಿಗೆ" ಅಂದಿದ್ದೆ. ಅವಳೂ ಆಟ ಮುಗಿಸಿ ಆಮೇಲೆ ಮೆಡಿಕಲ್ ಮಾಡಿದ್ದು. ಆದ್ರೂ ಮುಕ್ಕಾಲು ಸೋತೆ, ಒಪ್ಕೋತೀನಿ. ಹೋಗಲ್ಲ.

ಅಕ್ಕ, ಒಂದು ನಿಜ ಹೇಳಿ. ಅಲ್ಲಿ ಸ್ಕಾಲರ್‌ಷಿಪ್ ಎಲ್ಲರಿಗೂ ಸಿಗುತ್ತಾ? ನಮ್ಮ ಕಂಪನೀಲಿ ಒಬ್ಬರು "ಮಗನ್ನ ವಾಲಿಬಾಲ್ ಸ್ಕಾಲರ್‌ಷಿಪ್ ಮೇಲೆ ಕಳಿಸ್ತೀನಿ" ಅಂತ ಏಜೆಂಟನಿಗೆ ದುಡ್ಡು ಕಟ್ಟಿ ಕೂತಿದ್ದಾರೆ.

ಫ್ರೀಮಾಂಟ್ ಅಕ್ಕ
ಅಯ್ಯೋ, ಮೊದಲು ಅವರಿಗೆ ನಿಲ್ಲಿಸೋಕೆ ಹೇಳಿ. ಡಿವಿಷನ್ 1ರಲ್ಲಿ, ಅಂದ್ರೆ ಕಾಲೇಜು ಕ್ರೀಡೆಯ ಮೇಲಿನ ಹಂತದಲ್ಲಿ, ಬಹಳ ವರ್ಷ ಇದ್ದ ಮಿತಿ ಏನು ಗೊತ್ತಾ? ಹೆಂಗಸರ ಟೀಮಿಗೆ 12 ಪೂರ್ತಿ ಸ್ಕಾಲರ್‌ಷಿಪ್, ಗಂಡಸರ ಟೀಮಿಗೆ ನಾಲ್ಕೂವರೆ. ಆ ನಾಲ್ಕೂವರೆಯನ್ನ ಇಡೀ ಟೀಮಿಗೆ ಚಿತ್ರಾನ್ನ ಹಂಚಿದ ಹಾಗೆ ಹಂಚ್ತಿದ್ರು. 2025ರಲ್ಲಿ ಈ ನಿಯಮವೇ ಬದಲಾಯ್ತು. ಆದರೂ ಗಂಡಸರ ವಾಲಿಬಾಲ್ ಇರೋ ಕಾಲೇಜುಗಳೇ ಬಹಳ ಕಮ್ಮಿ. ಹುಡುಗಿ ಆಗಿದ್ರೆ ಮಾತು ಬೇರೆ.

ಇಲ್ಲಿ ಹುಡುಗೀರ ವಾಲಿಬಾಲ್ ಅಂದ್ರೆ ಎಂಥ ಹುಚ್ಚು ಅಂತೀರಾ. 2023 ಆಗಸ್ಟ್ 30ಕ್ಕೆ ನೆಬ್ರಾಸ್ಕಾದಲ್ಲಿ ಫುಟ್‌ಬಾಲ್ ಸ್ಟೇಡಿಯಂ ಮಧ್ಯೆ ಕೋರ್ಟ್ ಹಾಕಿ ಕಾಲೇಜು ಹುಡುಗೀರ ಮ್ಯಾಚ್ ಆಡಿಸಿದ್ರು. 92,003 ಜನ. ನಾವು ಟಿವಿಯಲ್ಲಿ ನೋಡ್ತಾ ಕೂತಿದ್ವಿ, ನನ್ನ ಮಗಳು ತಟ್ಟೆ ಕೈಯಲ್ಲೇ ಹಿಡ್ಕೊಂಡಿದ್ದಳು, ಅನ್ನ ಒಣಗಿಹೋಯ್ತು.

ಕಡಲಕರೆ ಕೋಳಿ
92 ಸಾವಿರ! ನಮ್ಮಲ್ಲಿ ಹೆಣ್ಮಕ್ಕಳ ಮ್ಯಾಚಿಗೆ 92 ಜನ, ಅದರಲ್ಲಿ 40 ಜನ ಚರುಮುರಿ ಗಾಡಿ ಹತ್ರ.

ಪೇಢೆ ಗಲ್ಲಿ
ನಮ್ಮ ಮ್ಯಾಚಿಗೆ ಇಪ್ಪತ್ತೂ ಇರತಿರಲಿಲ್ಲ. ಇದ್ದವರೊಳಗ ಹದಿನೈದು ಮಂದಿ ಎದುರಿನ ಟೀಮಿನ ಅಣ್ಣತಮ್ಮಂದಿರು, ತಂಗೀನ ಮನಿಗೆ ಕರಕೊಂಡು ಹೋಗಾಕ ಬಂದವರು.

ಸೆಕೆಂಡ್ ಬೆಂಚ್
ವಿಷಯಾಂತರ: 84ರ ಚಿನ್ನ ಲೆಕ್ಕಕ್ಕೆ ತಗೋಬಾರದು ಅಂತ ನಮ್ಮ ಪಿಟಿ ಸರ್ ಹೇಳ್ತಿದ್ರು. ರಷ್ಯಾ ಬಂದಿರಲೇ ಇಲ್ಲ.

ನೆಟ್ ಹತ್ರ ಲಿಫ್ಟರ್
ಸೋವಿಯತ್ ಬಹಿಷ್ಕಾರ ಹಾಕಿದ್ದು ನಿಜ. ಆದರೆ 88ರ ಫೈನಲಲ್ಲಿ ಅದೇ ಸೋವಿಯತ್ತನ್ನ 3–1ರಲ್ಲಿ ಸೋಲಿಸಿದ್ರು. ಕ್ಯಾಪ್ಟನ್ ಇದೇ ಕಿರಾಯ್. ಅಲ್ಲಿಗೆ ನಿಮ್ಮ ಪಿಟಿ ಸರ್ ವಾದ ಔಟ್.

84ರ ಟೀಮಲ್ಲಿ ಇನ್ನೊಂದು ಚೆಂದದ ವಿಷಯ ಇದೆ. ಎದುರಿನವರ ಸರ್ವೀಸ್ ತಗೊಳ್ಳೋಕೆ ಆಗೆಲ್ಲ ನಾಲ್ಕೈದು ಜನ ಹರಡಿ ನಿಲ್ತಿದ್ರು, ನಮ್ಮೂರಲ್ಲಿ ಈಗಲೂ ನಿಲ್ತಾರೆ. ಕೋಚ್ ಡಗ್ ಬೀಲ್ ಅದನ್ನ ಎರಡಕ್ಕೆ ಇಳಿಸಿದ. ಕಿರಾಯ್ ಮತ್ತು ಆಲ್ಡಿಸ್ ಬರ್ಜಿನ್ಸ್, ಇಬ್ಬರೇ ಇಡೀ 9 ಮೀಟರ್ ಅಗಲ ನೋಡ್ಕೋಬೇಕು. ಉಳಿದವರು ಬರೀ ಹೊಡೆಯೋಕೆ ತಯಾರಾಗಿ ನಿಲ್ಲಬೇಕು. ಗುಂಪಿನ ಹಂತದಲ್ಲಿ ಬ್ರೆಜಿಲ್ ಹತ್ರ 0–3 ಸೋತವರು ಫೈನಲಲ್ಲಿ ಅದೇ ಬ್ರೆಜಿಲನ್ನ 3–0 ಹೊಡೆದ್ರು. ಬಯೋಕೆಮಿಸ್ಟ್ರಿ ಡಿಗ್ರಿ ಸಿಕ್ಕಿ ಹದಿನಾಲ್ಕೇ ತಿಂಗಳಿಗೆ.

ಹಾಸನದಪ್ಪ ಸಾರ್, ಮಗಳು ಆಡೋದು ಎಲ್ಲಿ? ಲಿಫ್ಟರಾ, ಅಟ್ಯಾಕರಾ?

ಹಾಸನದಪ್ಪ
ಎಡಗಡೆ ಮೂಲೆಯಿಂದ ಹೊಡೀತಾಳೆ. "ನಂಬರ್ ನಾಲ್ಕು" ಅಂತಾಳೆ, ನನಗೆ ಅಷ್ಟು ಗೊತ್ತಾಗಲ್ಲ. ಸರ್ವೀಸು ಕೂಡ ಅವಳೇ ಜಾಸ್ತಿ ತಗೊಳ್ಳೋದು. ಮೊಣಕೈಯಿಂದ ಮಣಿಕಟ್ಟಿನ ತನಕ ಒಳಗಡೆ ಕೆಂಪು ಕೆಂಪು. ಮೊದಮೊದಲು ಅವಳಜ್ಜಿ ಕೊಬ್ಬರಿ ಎಣ್ಣೆ ಹಚ್ತಿದ್ರು, ಈಗ ಬಿಟ್ಟಿದಾರೆ.

ನೆಟ್ ಹತ್ರ ಲಿಫ್ಟರ್
ಹಾಗಾದ್ರೆ ಕಿರಾಯ್ ಆಡ್ತಿದ್ದ ಜಾಗಾನೇ, ಮಾಡ್ತಿದ್ದ ಕೆಲಸಾನೇ. ಕಳಿಸಿ ಸಾರ್, ಇನ್ನೇನು ಯೋಚನೆ.

ಲೆಕ್ಕ ಕೊಡಿ
ನಾನೂ ಕಳಿಸಿ ಅಂತಲೇ ಹೇಳೋದು. ಫಾರ್ವರ್ಡ್ ನಂಬಿ ಕಳಿಸಬೇಡಿ, ಮೇಷ್ಟ್ರು ಹೇಳಿದ ಪತ್ರ ಕೈಯಲ್ಲಿ ಇಟ್ಕೊಂಡು ಕಳಿಸಿ. ಮತ್ತೆ ಸರ್ಟಿಫಿಕೇಟ್ ಬಂದ ತಕ್ಷಣ ಹೆಸರಿನ ಸ್ಪೆಲ್ಲಿಂಗು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಜೊತೆ ತಾಳೆ ನೋಡಿ. ನನ್ನ ತಮ್ಮನ ರಾಜ್ಯಮಟ್ಟದ ಸರ್ಟಿಫಿಕೇಟಲ್ಲಿ ಒಂದು "ಎಚ್" ಬಿಟ್ಟುಹೋಗಿತ್ತು. ಕ್ರೀಡಾ ಕೋಟಾ ಅರ್ಜಿ ಪರಿಶೀಲನೆ ದಿನ ಆ ಒಂದಕ್ಷರಕ್ಕೆ ಬೆಳಗ್ಗೆಯಿಂದ ಸಂಜೆ ತನಕ ಓಡಾಡಿದ್ವಿ. ಕೊನೆಗೂ ತಗೊಳ್ಳಲಿಲ್ಲ.

ತುಂಟ ಪಾಪು
ತಮ್ಮ ಈಗ ಏನ್ ಮಾಡ್ತಿದ್ದಾರೆ?

ಲೆಕ್ಕ ಕೊಡಿ
ಹಾಲಿನ ಡೇರಿ. ಸಂಜೆ ಊರ ಹುಡುಗರಿಗೆ ಆಡಿಸ್ತಾನೆ. ಚೆನ್ನಾಗಿದ್ದಾನೆ. ಎರಡೂ ಕಳ್ಕೊಂಡ ಹತ್ತು ಜನ ಅಂದ್ನಲ್ಲ ಆಗಲೇ, ಅವರಲ್ಲಿ ಅವನೂ ಒಬ್ಬ.

ಪೇಢೆ ಗಲ್ಲಿ
ಅದಕ್ಕ ಇಷ್ಟ ಜಗಳಾಡಾಕತ್ತಿದ್ರಿ ಅಂತ ಈಗ ತಿಳೀತು.

ಹಾಸನದಪ್ಪ
ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಮೇಷ್ಟ್ರು ಹೇಳಿದ ಹಾಗೇ ಮಾಡಿದ್ವಿ. ಪಿಇಡಿ ಸರ್ ಪತ್ರ, ಪ್ರಿನ್ಸಿಪಾಲರ ಸಹಿ, ವಿಭಾಗದ ಸೀಲು. ಎಚ್‌ಒಡಿ ಈ ಸಲ ತಲೆ ಎತ್ತಿದ್ರು. ಪತ್ರ ಎರಡು ಸಲ ಓದಿ, "ವಾಪಸ್ ಬರೋ ದಿನಾಂಕ ಬರೆದಿದ್ದೀರಲ್ಲ, ಒಳ್ಳೇದು" ಅಂದ್ರು. ಮರುಪರೀಕ್ಷೆ ಒಂದು ವಿಷಯಕ್ಕೆ ಕೊಡ್ತಾರಂತೆ, ಉಳಿದದ್ದು ಆ ಮೇಡಂಗಳನ್ನೇ ಕೇಳ್ಕೋಬೇಕಂತೆ. ಮೂರು ಜನರಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವರು "ನೋಡೋಣ" ಅಂದಿದ್ದಾರೆ.

ಮಗಳು ಇದೆಲ್ಲ ಓದಿದ್ಲು. ಕಿರಾಯ್‌ಗಿಂತ ಧಾರವಾಡದ ಅಕ್ಕನ ಬ್ಯುರೆಟ್ ಕಥೆ ಇಷ್ಟ ಆಯ್ತಂತೆ. ಸೋಮವಾರ ಹೊರಡ್ತಾಳೆ. ಕಿಟ್ ಬ್ಯಾಗಲ್ಲಿ ಮೊಣಕಾಲಿನ ಪ್ಯಾಡಿನ ಮಧ್ಯೆ ನೋಟ್ಸು ಸುರುಳಿ ಸುತ್ತಿ ಇಟ್ಟಿದ್ದಾಳೆ. ಬೆವರು ವಾಸನೆ ಹಿಡಿಯುತ್ತೆ ಕಣೇ ಅಂದ್ರೆ, ವಾಸನೆಗೆ ನೆನಪು ಚೆನ್ನಾಗಿರುತ್ತೆ ಅಂತಾಳೆ.

ಅಲ್ಲೀತನಕ ಮನೇಲೇ ಪ್ರಾಕ್ಟೀಸ್ ಮಾಡ್ಲಿ ಅಂತ ಹಿತ್ತಿಲಲ್ಲಿ ಎರಡು ತೆಂಗಿನಮರಕ್ಕೆ ನೆಟ್ ಕಟ್ಟಿದ್ದೀನಿ. ನಾನೇ ಬಾಲು ಎತ್ತಿ ಕೊಡೋದು. ಏನು ಹೊಡೀತಾಳೆ ಅಂತೀರಿ, ಒಂದೂ ನೆಟ್ಟಿಗೆ ತಾಗ್ತಿಲ್ಲ!

ನೆಟ್ ಹತ್ರ ಲಿಫ್ಟರ್
ಖುಷಿ ಆಯ್ತು ಸಾರ್. ನೆಟ್ ಎತ್ತರ ಅಳೆದ್ರಾ? ಹುಡುಗೀರಿಗೆ 2.24 ಮೀಟರ್. ಮರದ ಹತ್ರ ಅಲ್ಲ, ನಡುವಲ್ಲಿ ಅಳೀಬೇಕು.

ಹಾಸನದಪ್ಪ
ಈಗ ಟೇಪು ತಗೊಂಡು ಹೋಗಿ ಅಳೆದೆ. ಮರದ ಹತ್ರ 2.24. ನಡುವಲ್ಲಿ 2.05.

ಉಪ್ಪಿಟ್ಟು ವಿರೋಧಿ
😂😂😂

ಹಾಸನದಪ್ಪ
ಮಗಳಿಗೆ ಇನ್ನೂ ಹೇಳಿಲ್ಲ. ಹಗ್ಗ ಬಿಗಿ ಮಾಡ್ತಿದ್ದೀನಿ.